ಮೀಸೆಯ ಸಿಪಾಯಿ

ಬಾದಶಹರ ಚಿತ್ರಶಾಲೆಯಲ್ಲಿ ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ. ಮುಖಗಳು ಮಾತ್ರ ಮುದುಕ ಕುದ್ರತುಲ್ಲಾನ ಪಾಲು. ಅವನ ಕಾಲಿನ ಕಸುವು ಹೋದಮೇಲೆ ಹಾಳೆಗಳು ಲಾಹೋರಿನ ಅವನ ಮನೆಗೇ ಬರುತ್ತಿದ್ದವು. ಆನೆ, ಏಣಿ, ಫಿರಂಗಿಯ ಹೊಗೆ ಎಲ್ಲ ಸಿದ್ಧವಾಗಿರುತ್ತಿತ್ತು, ಸಿಪಾಯಿಗಳಿಗೆ ಮುಖವಿರುತ್ತಿರಲಿಲ್ಲ. ಪ್ರತಿ ಯುದ್ಧದಲ್ಲೂ ಒಬ್ಬನಿಗೆ ಅವನು ತನ್ನ ಮಗ ಇಲ್ಯಾಸನ ಮುಖ ಬರೆಯುತ್ತಿದ್ದ. ಕಾಬೂಲಿನ ಕಡೆ ದಂಡಿನ ಜೊತೆ ಹೋದ ಇಲ್ಯಾಸನ ಪತ್ತೆ ಆರು ವರ್ಷವಾದರೂ ಇರಲಿಲ್ಲ. ಚಿತ್ರದಲ್ಲಿ ಮಾತ್ರ ಸದಾ ಏಣಿಯ ಮೇಲೆ, ಕತ್ತಿ ಹಿರಿದು ನಿಂತಿರುತ್ತಿದ್ದ.

ಬಣ್ಣದ ಒಂದೊಂದು ಪದರ ಒಣಗಿದಾಗಲೂ ಹಾಳೆಯನ್ನು ಬೋರಲು ಹಾಕಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುವುದು ಸೊಸೆ ನಗೀನಾಳ ಕೆಲಸ. ಬೋರಲು ಹಾಕುವ ಮುನ್ನ ಗಂಡನನ್ನು ಹುಡುಕಿ ಕಣ್ತುಂಬ ನೋಡುವುದು ಅವಳ ಕದ್ದ ಸುಖ. ಅಷ್ಟಾದರೂ ಬೇಡವೇ ಒಂದು ಜೀವಕ್ಕೆ?

ಅಂದು ಅವನು ಏಣಿಯ ಮೇಲಿರಲಿಲ್ಲ. ಕೋಟೆಯ ಬುಡದಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ.

"ಮಾವಾ, ಅವರನ್ನ ಯಾಕೆ ಕೊಂದ್ರಿ?"

"ಶುಕ್ರವಾರ ನಿನ್ನಣ್ಣ ಬರ್ತಾನೆ, ಇನ್ನೊಂದು ಮದುವೆ ಮಾಡ್ಸೋಕೆ. ಇವನನ್ನ ಹೀಗೆ ಕದ್ದು ಕದ್ದು ನೋಡ್ತಾ ಕೂತ್ರೆ ನೀನು ಹೊಸ್ತಿಲು ದಾಟ್ತೀಯಾ? ನಂಗೇನು ಕಣ್ಣಿಲ್ವಾ? ಸಾಕು ಮಗಳೇ."

ನಗೀನಾ ಮತ್ತೆ ಹಾಳೆಯ ಮೇಲೆ ಬಗ್ಗಿದಳು. ಬಿದ್ದವನ ಕಡೆಗೆ ಒಬ್ಬ ಸಿಪಾಯಿ ಬಾಗಿದ್ದ. ಅವನಿಗಿನ್ನೂ ಮುಖವಿರಲಿಲ್ಲ.

"ಇವನಿಗೆ ನನ್ನ ಮುಖ ಬರೀರಿ."

"ಹುಚ್ಚಿ. ಸಿಪಾಯಿಗೆ ಮೀಸೆ ಬೇಕಲ್ಲೇ."

"ಮೀಸೇನೂ ಬರೀರಿ. ಅವರು ನೋಡಿದ್ರೆ ಬಿದ್ದೂಬಿದ್ದೂ ನಗ್ತಿದ್ರು. ಒಬ್ರೇ ಬಿದ್ದಿದಾರೆ ಮಾವಾ. ನಾನು ಹತ್ರ ಇರ್ತೀನಿ. ಆಮೇಲೆ ಅಣ್ಣನ ಜೊತೆ ಹೋಗ್ತೀನಿ."

ಮಾವನೆದುರು ಎಂದೂ ಸರಿಸದ ಮುಸುಕನ್ನು ಸರಿಸಿ ಅವಳು ಕಿಟಕಿಯ ಬೆಳಕಿಗೆ ಕೂತಳು. ಸಾವಿರ ಮುಖ ಬರೆದ ಮುದುಕ ಸೊಸೆಯ ಮುಖವನ್ನು ಮೊದಲ ಸಲ ನೋಡಿದ. ಹಣೆಯ ಮೇಲೆ ಆಗಲೇ ನರೆಗೂದಲು. ಅವನಿಗೆ ಅಳು ಉಕ್ಕಿ ಬಂತು. ಕಣ್ಣೊರೆಸಿಕೊಂಡು ಕುಂಚ ಹಿಡಿದ.

ಬರೆದು ಮುಗಿದಾಗ ನಗೀನಾ ಬಗ್ಗಿ ನೋಡಿದಳು. ಮೀಸೆಯಿದ್ದರೂ ಅವಳೇ. ಚಾಚಿದ ಕೈ ಇಲ್ಯಾಸನ ಭುಜಕ್ಕೆ ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತುಬಿಟ್ಟಿತ್ತು.

"ಈ ಕೈನ ಒಂಚೂರು ಮುಂದೆ ತನ್ನಿ. ಮುಟ್ಲಿ."

"ಕೈ ಬೇರೆಯವರ ಕೆಲ್ಸ ಮಗಳೇ. ಅದನ್ನ ನಾನು ತಿದ್ದೋ ಹಾಗಿಲ್ಲ."

ಶುಕ್ರವಾರ ಅಣ್ಣ ಬಂದ. ಕೊಟ್ಟ ಮಾತಿನಂತೆ ನಗೀನಾ ಹೊರಟಳು. ಅಷ್ಟರಲ್ಲಿ ಹಾಳೆ ಅರಮನೆ ಸೇರಿತ್ತು. ಆ ಕೈ ಅವನನ್ನು ಮುಟ್ಟಲೇ ಇಲ್ಲ.