ಮೂರನೆಯ ದೇಶ

ನಂದಾ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೇರಿದಾಗ ನ್ಯೂಜೆರ್ಸಿಯ ಮೆಟುಚೆನ್ನಿನ ಗೆಳತಿಯರು ನಕ್ಕಿದ್ದರು. ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದಿ, ಗಂಡ ವೀರೇಂದ್ರನ ಜೊತೆ ಈ ದೇಶಕ್ಕೆ ಬಂದು, ಮಗಳನ್ನು ಬೆಳೆಸಿದವಳು ಈಗ ರೈಲು ಹತ್ತಿ ನ್ಯೂಯಾರ್ಕಿಗೆ ಓದಲು ಹೋಗುತ್ತಿದ್ದಳು. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಜಗತ್ತಿನ ಒಂದು ಪ್ರದೇಶವನ್ನು ಆರಿಸಿಕೊಳ್ಳಬೇಕಿತ್ತು. ನಂದಾ ಮಧ್ಯ ಏಷ್ಯಾವನ್ನು ಆರಿಸಿಕೊಂಡಳು. ಮಹದಾಯಿಯ ಜಗಳ ಕೇಳುತ್ತ ಬೆಳೆದವಳಿಗೆ ಅಲ್ಲಿನ ನದಿಗಳ ಜಗಳ ಪರಿಚಯದ್ದೇ ಅನ್ನಿಸಿತು.

ಅದೇ ಪ್ರದೇಶವನ್ನು ಆರಿಸಿಕೊಂಡ ಇನ್ನೊಬ್ಬ ಮೈಸೂರಿನ ನಚಿಕೇತ. ಇಪ್ಪತ್ತಾರರ ಹುಡುಗ, ಮಾತಿನಲ್ಲಿ ಬಲು ಚುರುಕು. ಎಷ್ಟೋ ಶನಿವಾರ ಅವಳ ಮನೆಗೆ ಬಂದು ರೊಟ್ಟಿ, ಎಣಗಾಯಿ ಉಂಡು, ಅಡುಗೆಮನೆಯ ಮೇಜಿನ ಮೇಲೆ ಭೂಪಟ ಹರಡಿಕೊಂಡು ಕೂರುತ್ತಿದ್ದ. ಅಂಥ ಒಂದು ದಿನ ಅವಳು ತನ್ನ ತಲೆಯಲ್ಲಿದ್ದುದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದಳು. ಸಿರ್ ದರಿಯಾ ನದಿಯ ನೀರು ಮೇಲಿನ ಕಿರ್ಗಿಸ್ತಾನದ್ದು. ಅವರಿಗೆ ಚಳಿಗಾಲದಲ್ಲಿ ವಿದ್ಯುತ್ತಿಗಾಗಿ ಅದು ಬೇಕು. ಕೆಳಗಿನ ಉಜ್ಬೇಕಿಸ್ತಾನಕ್ಕೆ ಬೇಸಿಗೆಯಲ್ಲಿ ಹತ್ತಿ ಬೆಳೆಯಲು ಬೇಕು. ಚಳಿಗಾಲದಲ್ಲಿ ಕೆಳಗಿನವರು ಗ್ಯಾಸ್ ಕೊಟ್ಟರೆ ಬೇಸಿಗೆಯಲ್ಲಿ ಮೇಲಿನವರು ನೀರು ಬಿಡಬಹುದು. ಹಿಂದೊಮ್ಮೆ ಹೀಗೆ ನಡೆದು ಮುರಿದುಬಿದ್ದಿದ್ದ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಬಗೆಯೊಂದನ್ನು ಅವಳು ಯೋಚಿಸಿದ್ದಳು.

ಎರಡು ವಾರ ಕಳೆದ ಮೇಲೆ ನಚಿಕೇತ ಅದನ್ನೇ ಪ್ರೊಫೆಸರ್ ಎದುರು ತನ್ನ ಯೋಜನೆ ಎಂದು ಮಂಡಿಸಿದ. ಬೇಸಿಗೆಯ ಫೆಲೋಶಿಪ್ ಅವನಿಗೆ ಸಿಕ್ಕಿತು. ನಂದಾ ಅವನನ್ನು ಲೈಬ್ರರಿಯ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಳು.

“ನನ್ನ ವಿಚಾರ ಅದು. ನನ್ನ ಮನ್ಯಾಗ ಕುಂತು ಕೇಳಿದಿ.”

ಅವನು ನಾಚಲಿಲ್ಲ. “ಪರ್ಸನಲ್ ಆಗಿ ತಗೋಬೇಡಿ ಆಂಟಿ. ಐಡಿಯಾ ಯಾರ ಸ್ವತ್ತೂ ಅಲ್ಲ. ನೀವು ಹೇಳಿದ್ರೆ ಇಲ್ಲಿ ಯಾರಿಗೆ ಅರ್ಥ ಆಗ್ತಿತ್ತು? ನಿಮ್ಮ ಇಂಗ್ಲಿಷ್ ಕೇಳಿ ಜನ ಫೋನ್ ನೋಡೋಕೆ ಶುರು ಮಾಡ್ತಾರೆ.”

ಕಳವಿಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು. ದೂರು ಕೊಡು ಎಂದ ವೀರೇಂದ್ರ. ಅವಳು ಕೊಡಲಿಲ್ಲ. ಅಡುಗೆಮನೆಯಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರು? ದೂರು ಕೊಟ್ಟು ಸೋತರೆ ಅವನು ಇನ್ನಷ್ಟು ನಗುತ್ತಾನೆ. ಅವಳಿಗೆ ಬೇಕಾಗಿದ್ದುದು ನ್ಯಾಯವೂ ಅಲ್ಲ. ಅವನು ಹತ್ತು ಜನರ ಎದುರು ಮಾತು ಸಿಗದೆ ನಿಲ್ಲಬೇಕಿತ್ತು.

ಆ ಚಳಿಗಾಲ ಓದುತ್ತ ಹೋದಂತೆ ಅವಳಿಗೆ ತನ್ನ ಯೋಚನೆಯಲ್ಲೇ ಒಂದು ತೂತು ಕಂಡಿತು. ನದಿ ಉಜ್ಬೇಕಿಸ್ತಾನವನ್ನು ಹೊಕ್ಕು, ನಡುವೆ ತಜಿಕಿಸ್ತಾನದ ದೊಡ್ಡ ಅಣೆಕಟ್ಟೊಂದನ್ನು ದಾಟಿ, ಮತ್ತೆ ಉಜ್ಬೇಕಿಸ್ತಾನಕ್ಕೆ ಬರುತ್ತದೆ. ನಡುವಿನ ಆ ಮೂರನೆಯ ದೇಶಕ್ಕೆ ಅವಳು ಏನನ್ನೂ ಕೊಟ್ಟಿರಲಿಲ್ಲ. ಅವರು ಗೇಟು ಮುಚ್ಚಿದರೆ ಒಪ್ಪಂದವೇ ಒಣಗುತ್ತದೆ. ಕದ್ದವನು ತೂತನ್ನೂ ಸೇರಿಸಿಯೇ ಕದ್ದಿದ್ದ. ನಂದಾ ಯಾರಿಗೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ವಿಭಾಗದ ಅಣಕು ಸಂಧಾನ ಸಭೆ ಬಂತು. ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಚೌಕಾಸಿ ಮಾಡಬೇಕು. ನೋಡಲು ವಾಷಿಂಗ್ಟನ್ನಿನ ಒಂದು ಸಂಶೋಧನಾ ಸಂಸ್ಥೆಯವರು ಬರುತ್ತಾರೆ, ನಚಿಕೇತನನ್ನು ಓದು ಮುಗಿದ ಮೇಲೆ ಕೆಲಸಕ್ಕೆ ತೆಗೆದುಕೊಳ್ಳುವ ಮನಸ್ಸಿನಲ್ಲೇ ಬರುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ವಿಷಯ ಸಿರ್ ದರಿಯಾ. ಅವನು ಉಜ್ಬೇಕಿಸ್ತಾನವನ್ನು ಕೇಳಿ ಪಡೆದ. ನಂದಾ ಕಿರ್ಗಿಸ್ತಾನವನ್ನು ಪಡೆದಳು. ಯಾರಿಗೂ ಬೇಡವಾದ ತಜಿಕಿಸ್ತಾನ ಪಕ್ಕದೂರು ಪರ್ತ್ ಅಂಬಾಯ್‌ನ ಮಾರಿಸೋಲ್ ಎಂಬ ಹುಡುಗಿಗೆ ಬಂತು. ನಂದಾ ಅವಳನ್ನು ಕಾಫಿಗೆ ಕರೆದಳು.

“ನಮ್ಮವು ಎರಡೂ ಬಡ ದೇಶ,” ಎಂದಳು ತನ್ನ ಇಂಗ್ಲಿಷಿನಲ್ಲಿ, ನಿಧಾನವಾಗಿ. “ಚಳಿಗಾಲದಲ್ಲಿ ನಿನಗೆ ವಿದ್ಯುತ್ತು ನಾನು ಕೊಡುತ್ತೇನೆ. ನಾನು ಹೇಳುವ ತನಕ ನೀನು ಗೇಟು ತೆರೆಯಬಾರದು.”

ಮಾರಿಸೋಲ್‌ಗೆ ಅವಳ ಇಂಗ್ಲಿಷು ಪೂರ್ತಿ ಅರ್ಥವಾಯಿತು.

ಸಭೆಯ ದಿನ ನಚಿಕೇತ ಹೊಸ ಕೋಟು ಹಾಕಿಕೊಂಡು ಬಂದಿದ್ದ. ಗ್ಯಾಸಿಗೆ ನೀರು ಎಂಬ ಯೋಜನೆಯನ್ನು ಸೊಗಸಾಗಿ ಬಿಡಿಸಿಟ್ಟ. ಎಲ್ಲರೂ ಕಾಯುತ್ತಿದ್ದರು, ನಂದಾ ಜಗಳವಾಡುತ್ತಾಳೆಂದು. ಅವಳು ಯೋಜನೆಯನ್ನು ಹೊಗಳಿ, ಗ್ಯಾಸಿನ ಪಾಲನ್ನು ಸ್ವಲ್ಪ ಹೆಚ್ಚಿಸಿಕೊಂಡು, ಸಹಿ ಹಾಕಿಬಿಟ್ಟಳು. ಅವನು ಗೆದ್ದವನಂತೆ ಅತಿಥಿಗಳ ಕಡೆ ತಿರುಗಿದ.

ಆಗ ಮಾರಿಸೋಲ್ ಕೈ ಎತ್ತಿದಳು. ತಮ್ಮ ಅಣೆಕಟ್ಟಿನ ಗೇಟುಗಳು ಬೇಸಿಗೆಯಲ್ಲಿ ಮುಚ್ಚಿರುತ್ತವೆ ಎಂದಳು. ನಚಿಕೇತ ಮುಗುಳ್ನಕ್ಕು, ಅವರಿಗೂ ಗ್ಯಾಸ್ ಕೊಡಬಹುದು ಎಂದ. ಗ್ಯಾಸ್ ಬೇಡ, ಕಿರ್ಗಿಸ್ತಾನದಿಂದ ವಿದ್ಯುತ್ತು ಬರುತ್ತಿದೆ, ಎಂದಳು ಅವಳು. ಅವನು ನಂದಾಳನ್ನು ನೋಡಿದ. ನಂದಾ ಎದ್ದು ನಿಂತಳು.

“ನಾವು ಒಪ್ಪಿದಷ್ಟು ನೀರು ಬಿಡುತ್ತೇವೆ. ಅದು ನಿಮ್ಮ ಹೊಲ ತಲುಪುತ್ತದೆಂದು ನಾವು ಹೇಳಿಲ್ಲ. ದಾರಿಯ ಬಗ್ಗೆ ನಿಮ್ಮ ಯೋಜನೆ ಏನು ಹೇಳುತ್ತದೆ?”

ಅವನ ಯೋಜನೆ ಏನೂ ಹೇಳುತ್ತಿರಲಿಲ್ಲ. ವಾಷಿಂಗ್ಟನ್ನಿನಿಂದ ಬಂದಿದ್ದ ಹೆಂಗಸು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಮಾತಿನ ಮಲ್ಲ ಬಾಯಿ ತೆರೆದು, ಮುಚ್ಚಿ, ನೀರು ಕುಡಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಂದಾಳಿಗೆ ಎದೆಯೊಳಗೆ ತಂಪೆರೆದಂತಾಯಿತು.

ಕಾರಿಡಾರಿನಲ್ಲಿ ಅವನು ಬೆನ್ನು ಹತ್ತಿ ಬಂದ. “ನಿಮಗೆ ಮೊದಲೇ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತಲ್ವಾ?”

“ನಿನ್ನ ವಿಚಾರ ಅಂತ ಹೇಳಿದ್ಯಲ್ಲಪಾ. ನಿನಗ ಗೊತ್ತಿರಬೇಕಿತ್ತು.”

“ನನ್ನ ಕೆಲಸ ಹೋಯ್ತು.”

“ಹೋಗ್ಲಿ ಅಂತನ ಮಾಡೀನಿ,” ಎಂದಳು ನಂದಾ.

ಮರುವಾರ ಪ್ರೊಫೆಸರ್ ಅವಳನ್ನು ಕರೆಸಿದರು. ಸಭೆಯಲ್ಲಿ ಆದದ್ದು ಚೌಕಾಸಿಯೋ ಬೇಟೆಯೋ ಎಂದು ನೇರವಾಗಿ ಕೇಳಿದರು. ಬೇಟೆ ಎಂದಳು ನಂದಾ; ಯಾಕೆಂದೂ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

“ಫೆಲೋಶಿಪ್ ನಾನು ವಾಪಸು ತರಲಾರೆ. ಅವತ್ತೇ ಬಂದು ಹೇಳಿದ್ದರೆ...”

“ಅವತ್ತು ನೀವು ನಂಬುತ್ತಿದ್ದಿರಾ?”

ಪ್ರೊಫೆಸರ್ ಮೇಜಿನ ಮೇಲಿನ ಇನ್ನೊಂದು ಫೈಲನ್ನು ಹತ್ತಿರ ಎಳೆದುಕೊಂಡರು. ಅದೇ ಉತ್ತರವೆಂದು ನಂದಾ ಎದ್ದು ಬಂದಳು.

ವಾಷಿಂಗ್ಟನ್ನಿನ ಕೆಲಸ ನಚಿಕೇತನಿಗೆ ಸಿಗಲಿಲ್ಲ. ಅವಳಿಗೂ ಯಾರೂ ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ತರಗತಿಗಳು ಶುರುವಾದಾಗ ಅವನು ತನ್ನ ಪ್ರದೇಶವನ್ನು ಬದಲಿಸಿಕೊಂಡಿದ್ದ, ಮಧ್ಯ ಏಷ್ಯಾ ಬಿಟ್ಟು ಲ್ಯಾಟಿನ್ ಅಮೆರಿಕಕ್ಕೆ; ಸ್ಪ್ಯಾನಿಷ್ ಕಲಿಯಲೂ ಶುರು ಮಾಡಿದ್ದ. ಆ ಸುದ್ದಿಯನ್ನು ಅವಳು ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಯಲ್ಲಿ ತರಕಾರಿ ಆರಿಸುತ್ತ ವೀರೇಂದ್ರನಿಗೆ ಹೇಳಿದಳು.

“ಈಗರ ಸಿಟ್ಟು ಇಳೀತೇನು?” ಎಂದ ಅವನು.

ನಂದಾ ಯೋಚಿಸಿದಳು. “ಅಲ್ಲೂ ನದಿ ಅದಾವ,” ಎಂದಳು, ಎಳೆಯ ಬೆಂಡೆಕಾಯಿಯೊಂದರ ತುದಿ ಮುರಿದು ನೋಡುತ್ತ. “ಮುಂದಿನ ಸೆಮಿಸ್ಟರ್ ನಾನೂ ಸ್ಪ್ಯಾನಿಷ್ ಕಲೀಬೇಕಂತ ಮಾಡೀನಿ.”