ಹತ್ತನೆಯ ಕೊಳವೆ

2008ರಲ್ಲಿ ನಾನು ಮುಧೋಳದ ಹತ್ತಿರ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ಕೆಮಿಸ್ಟ್ ಆಗಿದ್ದೆ; ಅಲ್ಲಿನವರ ಬಾಯಲ್ಲಿ 'ಬಾಯಾರು', ಅಂದರೆ ಮೇಡಂ. ಈಗ ನೆನೆದರೆ ಅವೇ ನನ್ನ ಚೆಂದದ ದಿನಗಳು. ಹಳೆಯ ಗೋದಾಮೊಂದನ್ನು ತೊಳೆದು ಪ್ರಯೋಗಾಲಯವೆಂದು ಕೊಟ್ಟಿದ್ದರು. ಜೊತೆಗೆ ಒಂದು ಕರೆಂಟಿನ ಕುಲುಮೆ, ಒಂದು ಫ್ಯಾನು, ಮತ್ತು ಅಟೆಂಡರ್ ಹುಲೆಪ್ಪ ಕಾಕಾ. ಮೂರರಲ್ಲಿ ಎಂದೂ ಕೈಕೊಡದವರು ಕಾಕಾ ಒಬ್ಬರೇ.

ಡಿಸ್ಟಿಲರಿಯ ಕೊಳೆನೀರಿನಿಂದ ಏಳುವ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಇರುತ್ತದೆ, ಉರಿಯದ ಇಂಗಾಲದ ಡೈಆಕ್ಸೈಡೂ ಇರುತ್ತದೆ. ಅವೆರಡನ್ನು ಬೇರೆ ಮಾಡುವ ಇದ್ದಿಲಿನ ಪೊರೆ ತಯಾರಿಸುವುದು ನನ್ನ ಕೆಲಸ. ಬೆರಳು ಗಾತ್ರದ ಪಿಂಗಾಣಿ ಕೊಳವೆಯನ್ನು ರಾಳದಲ್ಲಿ ಅದ್ದಿ, ಒಂದು ದಿನ ಆರಲು ಬಿಟ್ಟು, ಗಾಳಿ ಸೋಕದಂತೆ ಸುಟ್ಟರೆ ಮೇಲಿನ ರಾಳ ತೆಳ್ಳಗಿನ ಇದ್ದಿಲಾಗುತ್ತದೆ. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಎಲ್ಲ ಗ್ಯಾಸೂ ಜರಡಿಯಲ್ಲಿ ನೀರು ಹೋದಂತೆ ಹೋಗುತ್ತದೆ.

ಎಂಟು ಕೊಳವೆ ಸೋರಿದವು. ಮ್ಯಾನೇಜರ್ ಗಿರಿಮಲ್ಲಪ್ಪನವರು ಬಂದು, "ಇನ್ನ ಎರಡ ನೋಡ್ರಿ ಬಾಯಾರ. ಆಗಲಿಲ್ಲಂದ್ರ ಈ ಕೋಣಿಗೆ ಕೀಲಿ ಹಾಕೂದ," ಎಂದು ಹೋದರು.

ಒಂಬತ್ತನೆಯದನ್ನು ಅದ್ದಿ ಆರಲಿಟ್ಟು ಊಟಕ್ಕೆ ಹೊರಟೆ. ಚಮಚ ಮರೆತಿದ್ದರಿಂದ ಅರ್ಧ ದಾರಿಯಿಂದ ತಿರುಗಿ ಬಂದೆ. ಹುಲೆಪ್ಪ ಕಾಕಾ ಚಪ್ಪಲಿ ಹೊರಗೆ ಬಿಟ್ಟು, ಕಣ್ಣು ಮುಚ್ಚಿ ಕೊಳವೆಯ ಮುಂದೆ ನಿಂತಿದ್ದರು. ಸೊಂಟದ ಚೀಲದಿಂದ ಚಿಟಿಕೆ ಅರಿಶಿನಪುಡಿ ತೆಗೆದು ಹಸಿ ರಾಳದ ಮೇಲೆ ಉದುರಿಸಿದರು.

"ಏನದು ಕಾಕಾ?"

"ಬೀರಪ್ಪನ ಭಂಡಾರರಿ. ಎಲ್ಲಾ ಸೋರಾಕತ್ತಾವಲ್ಲರಿ, ಅದಕ ಈ ಸಲ ಎರಡ ಚಿಟಿಕಿ."

ಪ್ರತಿ ಕೊಳವೆಗೂ ಬೇಡಿಕೊಂಡಿದ್ದಾರೆ! ಒಂದು ಸೋರಿದಷ್ಟೂ ಭಕ್ತಿ ಹೆಚ್ಚಿದೆ, ಭಕ್ತಿ ಹೆಚ್ಚಿದಷ್ಟೂ ಪುಡಿ ಹೆಚ್ಚಿದೆ, ಪುಡಿಯ ಕಣ ಕೂತಲ್ಲೆಲ್ಲ ತೂತು ಬಿದ್ದಿದೆ. ನಮ್ಮ ಮನೆದೇವರೂ ಬೀರಪ್ಪನೇ, ಭಂಡಾರವಿಲ್ಲದೆ ನಮ್ಮವ್ವ ಹೊಸ ಕೊಡಪಾನಕ್ಕೂ ನೀರು ತುಂಬುತ್ತಿರಲಿಲ್ಲ. ನನಗೆ ಮೊದಲೇ ಹೊಳೆಯಬೇಕಿತ್ತು. ಆ ಸಿಟ್ಟನ್ನೂ ಅವರ ಮೇಲೆಯೇ ತೀರಿಸಿಕೊಂಡೆ. ನನ್ನ ಬಾಯಿಗೆ ಆಗಲೂ ಲಗಾಮು ಇರಲಿಲ್ಲ.

"ನಿಮ್ಮ ಕೈ ಬಿದ್ದದ್ದು ಯಾವುದ ಉಳದೈತಿ ಕಾಕಾ?"

ಅವರು ಚೀಲದ ದಾರ ಬಿಗಿದು, "ಹೌದ್ರಿ ಬಾಯಾರ," ಎಂದರು.

ಹತ್ತನೆಯ ಕೊಳವೆಯನ್ನು ನಾನೊಬ್ಬಳೇ ಅದ್ದಿದೆ, ಸುಟ್ಟೆ. ಅದು ಸೋರಲಿಲ್ಲ. ಒಂದು ಬದಿಯಲ್ಲಿ ಮೀಥೇನ್ ನಿಂತಿತು. ಅದಕ್ಕೆ ಬೆಂಕಿ ಹಚ್ಚಿದಾಗ ಎದ್ದ ನೀಲಿ ಉರಿ ನೋಡಿ ಗಿರಿಮಲ್ಲಪ್ಪನವರು ಎಲ್ಲರಿಗೂ ಪೇಢೆ ಹಂಚಿಸಿದರು. ಕಾಕಾ ಬಾಗಿಲಾಚೆ ನಿಂತೇ ತಿಂದರು. ಒಳಗೆ ಕರೆದೆ, ನಕ್ಕರು, ಬರಲಿಲ್ಲ. ಗೆದ್ದ ಅಮಲಿನಲ್ಲಿದ್ದ ನಾನು ಇನ್ನೊಮ್ಮೆ ಕರೆಯಲಿಲ್ಲ.

ಮರುವರ್ಷ ಅವರು ನಿವೃತ್ತರಾದರು. ಅದಾಗಿ ಮೂರು ವರ್ಷಕ್ಕೆ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ತಮ್ಮೂರು ರನ್ನ ಬೆಳಗಲಿಗೆ ಕರೆದರು. ಮಗುವಿಗೆ ಯುವರಾಜ ಎಂದು ಹೆಸರಿಟ್ಟರು. ಹಿರಿಯರು ಒಬ್ಬೊಬ್ಬರಾಗಿ ಅದರ ಹಣೆಗೆ ಭಂಡಾರ ಹಚ್ಚಿದರು. ಅಜ್ಜ ಮಾತ್ರ ಕಂಬಕ್ಕೆ ಒರಗಿ ಕೂತಿದ್ದರು.

"ಕಾಕಾ ಯಾಕ ಹಚ್ಚವಲ್ಲರು?" ಎಂದು ಅವರ ಹೆಂಡತಿ ಅನ್ನವ್ವನನ್ನು ಕೇಳಿದೆ.

"ನಾಕ ವರ್ಷಾತರಿ, ಯಾರಿಗೂ ಹಚ್ಚಾಂಗಿಲ್ಲ. ತನ್ನ ಕೈ ಛಲೋ ಇಲ್ಲ ಅಂತಾರ."

ಹೋಗಿ ಅವರ ಮುಂದೆ ಕೂತೆ. "ತಪ್ಪಾತು ಕಾಕಾ. ಕೆಡಿಸಿದ್ದು ಪುಡಿ, ನಿಮ್ಮ ಕೈ ಅಲ್ಲ. ನನ್ನ ಹಣಿಗಿ ಹಚ್ಚರಿ," ಎಂದೆ.

ಕಾಕಾ ಬಹಳ ಪ್ರೀತಿಯಿಂದ ನನ್ನ ಮುಖ ನೋಡಿದರು. ಆಮೇಲೆ ತಲೆ ಎತ್ತಿ ಹೆಂಡತಿಯನ್ನು ಕರೆದರು.

"ಅನ್ನವ್ವಾ, ಬಾ ಇಲ್ಲಿ. ಬಾಯಾರಿಗಿ ನೀ ಹಚ್ಚ. ಅವರ ಕೆಲಸ ಭಾಳ ನಾಜೂಕೈತಿ."