ಅದೇ ಜಾಗದ ಬಿಳಿ ಗೀರು

ಕೆಮ್ಮುತ್ತಿದ್ದಾಳೆ, ಎಕ್ಸ್‌ರೇ ಕೋಣೆಯ ಬಾಗಿಲಿನಾಚೆ ನನ್ನ ಅತ್ತೆ ಕಸ್ತೂರಮ್ಮ ಕೆಮ್ಮುತ್ತಿದ್ದಾಳೆ, ಕೆಮ್ಮಲಿ, ಉಸಿರು ಹಿಡೀರಿ ಅಮ್ಮ ಅಂತ ಎಕ್ಸ್‌ರೇ ತೆಗೆಯುವ ನಿಂಗರಾಜ್ ಒಳಗಿಂದ ಹೇಳುತ್ತಾನೆ, ದೀಪಾವಳಿ ಮುಂದೆ ನನಗೂ ಹೀಗೇ ಹೇಳಿದ್ದ, ಇದೇ ಚನ್ನಗಿರಿ, ಇದೇ ಸ್ಕ್ಯಾನಿಂಗ್ ಸೆಂಟರು, ಆ ತಣ್ಣನೆ ಹಲಗೆಗೆ ಎದೆ ಒತ್ತಿ ನಿಂತಿದ್ದೆ — ಫಿಲ್ಮಿನಲ್ಲಿ ಮೇಲುಗಡೆ ಬೆರಳುದ್ದ ಬಿಳಿ ಗೀರು, ಕಫದಾಗೆ ಏನೂ ಸಿಗಲಿಲ್ಲ, ಆದ್ರೂ ಫಿಲ್ಮಿನಾಗೆ ಐತಲ್ಲ, ಟಿಬಿ ಇರಬಹುದು ಅಂದರು ಡಾಕ್ಟರು, ಆ ಇರಬಹುದು ಅನ್ನುವುದು ನಮ್ಮೂರು ಸಂತೇಬೆನ್ನೂರಲ್ಲಿ ಬಸ್ಸು ಇಳಿಯುವಷ್ಟರಲ್ಲಿ ಐತೆ ಆಗಿತ್ತು, ಅತ್ತೆ ಕೂಸನ್ನು ನನ್ನ ಮಡಿಲಿಂದ ಕಿತ್ತುಕೊಂಡಳು, ಇವಳ ಹಾಲು ಕುಡಿಸಬ್ಯಾಡ್ರಿ, ಇವಳ ಲೋಟ ಮುಟ್ಟಬ್ಯಾಡ್ರಿ, ಗುರುತಿಗೆ ಅಂತ ಲೋಟದ ಅಂಚಿಗೆ ಕೆಂಪು ಉಗುರುಬಣ್ಣದ ಬೊಟ್ಟು ಇಟ್ಟಳು, ನನ್ನದೇ ಉಗುರುಬಣ್ಣ, ಮದುವೆಗೆ ಕೊಂಡದ್ದು, ಗಂಡ ಅನಿಸಿಕೊಂಡವನು ಅವ್ವ ಹೇಳಿದಂಗೆ ಮಾಡು ಶಿವಲೀಲಾ ಅಂದು ಮೊಬೈಲು ಒತ್ತುತ್ತಾ ಕೂತ, ಎದೆ ಕಲ್ಲಾಗಿ ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲಿದೆ, ಒಳಗೆ ಕೂಸು ಅಳುತ್ತಿತ್ತು, ಈಗ ನಾನು ಎತ್ತಿಕೊಂಡರೆ ಅಳುತ್ತದೆ, ನನ್ನ ಕೂಸಿಗೆ ನನ್ನ ಗುರುತಿಲ್ಲ, ಅತ್ತೆಯನ್ನೇ ಅವ್ವ ಅನ್ನುತ್ತದೆ, ಈ ಸಿಟ್ಟನ್ನು ಎಲ್ಲಿಡಲಿ. ನಿಂಗರಾಜ್ ಫಿಲ್ಮು ತಂದು ಕೈಗಿಡುತ್ತಾನೆ, ಕಿಟಕಿಗೆ ಹಿಡಿಯುತ್ತೇನೆ, ಗೀರು, ಬ್ಯಾಗಿಂದ ನನ್ನ ಹಳೇ ಫಿಲ್ಮು ತೆಗೆದು ಅದರ ಮೇಲಿಟ್ಟು ನೋಡುತ್ತೇನೆ, ಅವಳ ಪಕ್ಕೆಲುಬು ನನ್ನ ಪಕ್ಕೆಲುಬಿಗೆ ಕೂಡುವುದಿಲ್ಲ, ಗೀರಿನ ಮೇಲೆ ಗೀರು ಮಾತ್ರ ಸರಿಯಾಗಿ ಕೂತಿದೆ, ಗಾಬರಿ ಆಗಬ್ಯಾಡ್ರಿ ಅಕ್ಕ ಅಂತಾನೆ ನಿಂಗರಾಜ್, ಅದು ರೋಗ ಅಲ್ಲ, ಚಿತ್ರ ಹಿಡಿಯೋ ಹಲಗೆದು, ಒಳಗಿನ ಸರ್ಕ್ಯೂಟು ಬಿಸಿಯಾದ್ರೆ ಆ ಒಂದು ಕಡೆ ಸರಿಯಾಗಿ ಓದಾಕಿಲ್ಲ, ಹೋದ ವರ್ಷದಿಂದ ಹಿಂಗೇ, ಎಲ್ಲರಿಗೂ ಅಲ್ಲೇ ಬರ್ತೈತೆ — ಎಲ್ಲರಿಗೂ, ನನಗ್ಯಾಕೆ ಹೇಳಲಿಲ್ಲ ಮಾರಾಯ, ಡಾಕ್ಟ್ರಿಗೆ ಗೊತ್ತೈತೆ ಅನ್ಕಂಡಿದ್ದೆ, ಅಂದು ಮುಂದಿನ ಹೆಸರು ಕೂಗುತ್ತಾನೆ, ಅನ್ಕಂಡಿದ್ದನಂತೆ, ಅವನ ನಾಲಿಗೆಗೆ ಬೆಂಕಿ ಬೀಳಲಿ, ಮಾತ್ರೆ ನುಂಗಿ ನುಂಗಿ ನನ್ನ ಹೊಟ್ಟೆ ಉರಿದದ್ದು, ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಉಂಡದ್ದು, ಒಂದು ಹಲಗೆ ಬಿಸಿಯಾದದ್ದಕ್ಕೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು, ಏನಂದ, ಏನೈತೆ ಅದ್ರಾಗೆ, ಎರಡೂ ಫಿಲ್ಮು ಅವಳ ಮುಖದ ಮುಂದೆ ಹಿಡಿಯುತ್ತೇನೆ, ನೋಡಿದಳು, ನನ್ನ ಗೀರನ್ನು ಊರಿಗೆಲ್ಲ ಬೆರಳಿಟ್ಟು ತೋರಿಸಿದವಳಿಗೆ ಅದರ ಜಾಗ ಮರೆಯುತ್ತದೆಯೇ, ಬೆಂಚಿನ ಮೇಲೆ ಕುಸಿದು ಕೂತಳು, ನೀರು ಕೊಡೇ ಅಂತಾಳೆ, ನೀರಿನ ಕ್ಯಾನಿನ ಹತ್ತಿರ ಲೋಟವಿಲ್ಲ, ನನ್ನ ಬ್ಯಾಗಿನಲ್ಲಿದೆ, ಎಲ್ಲಿಗೆ ಹೋದರೂ ನಿನ್ನ ಲೋಟ ನೀನೇ ಒಯ್ಯಿ ಅಂದವಳು ಅವಳೇ, ತುಂಬಿ ಹಿಡಿದಿದ್ದೇನೆ, ಅವಳ ಕೈ ಅರ್ಧಕ್ಕೇ ನಿಂತಿದೆ, ಮಿಷಿನ್ನಿನ ತಪ್ಪು ಅಂತ ಹೇಳಬೇಕು, ಹೇಳುತ್ತೇನೆ, ಮೊದಲು ಕುಡಿಯಲಿ, ಅಂಚಿನ ಆ ಕೆಂಪು ಬೊಟ್ಟು, ಅವಳ ತುಟಿ, ಕೆಂಪು ಬೊಟ್ಟು, ಕೆಂಪು